ಬ್ಯಾಟರಿಗೆ ಉಣಬಡಿಸುವ ಕಥೆ

ನಮ್ಮ ಕಡೂರು ಸೀಮೆಯಲ್ಲಿ 'ಬ್ಯಾಟ್ರಿ' ಎಂದರೆ ಬಹಳ ಕಾಲದವರೆಗೆ ಟಾರ್ಚು ಎಂದೇ ಅರ್ಥ. "ಕತ್ಲೆ ಐತೆ, ಬ್ಯಾಟ್ರಿ ತಗೊಂಡು ಹೋಗು" ಎಂದು ಅಜ್ಜಿ ಹೇಳಿದರೆ, ತೋಟಕ್ಕೆ ಹೊರಟವರು ಗೂಟಕ್ಕೆ ತೂಗುಹಾಕಿದ್ದ ಟಾರ್ಚನ್ನು ಎತ್ತಿಕೊಳ್ಳುತ್ತಿದ್ದರು. ಅದರೊಳಗೆ ಹಾಕುವ ವಸ್ತುವಿಗೆ 'ಸೆಲ್ಲು' ಎಂದು ಹೆಸರು. ಸೆಲ್ಲು ಸೋತು ಬೆಳಕು ಕೆಂಪಗಾದರೆ ಅದನ್ನು ಬಿಚ್ಚಿ, ಹಪ್ಪಳ ಸಂಡಿಗೆಗಳ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಒಂದಷ್ಟು ಹೊತ್ತು ಅದು ಮತ್ತೆ ಉರಿಯುತ್ತಿತ್ತು. ಬಿಸಿಲು ಸೆಲ್ಲಿಗೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಒಳಗೆ ಉಳಿದಿದ್ದ ಚೂರುಪಾರು ರಾಸಾಯನಿಕವನ್ನು ಬೆಚ್ಚಗೆ ಮಾಡಿ ಕೊನೆಯ ಹನಿಯನ್ನು ಹಿಂಡುತ್ತದೆ, ಅಷ್ಟೆ. ಆದರೂ ಮನೆಯ ಹೆಂಗಸರು ಬ್ಯಾಟರಿಗೆ ಮಾಡುತ್ತಿದ್ದ ಆರೈಕೆ ಅದೊಂದೇ. ಮಿಕ್ಕಿದ್ದೆಲ್ಲ ಗಂಡಸರ ಕೆಲಸವೆಂದು ಬಿಟ್ಟುಬಿಟ್ಟಿದ್ದೆವು.

ಈಗ ಆ ಅನುಕೂಲ ನಮಗಿಲ್ಲ. ಮನೆಯ ತುಂಬ ಬ್ಯಾಟರಿಗಳು. ತರೀಕೆರೆಗೆ ಕೊಟ್ಟಿರುವ ನನ್ನ ತಂಗಿ ಹೋದ ವರ್ಷ ಫೋನು ಮಾಡಿದಳು. ಪಿಯುಸಿ ಓದುವ ಅವಳ ಮಗನಿಗೆ ರೇಡಿಯೊ ಅಲೆಗಳಿಂದ ನಡೆಸುವ ಪುಟ್ಟ ವಿಮಾನದ ಹುಚ್ಚು. ಥರ್ಮಾಕೋಲು ಕತ್ತರಿಸಿ ವಿಮಾನವನ್ನು ತಾನೇ ಮಾಡಿಕೊಂಡಿದ್ದಾನೆ. "ಅಕ್ಕಾ, ವಿಮಾನಕ್ಕಿಂತ ಚಾರ್ಜರಿಗೇ ಜಾಸ್ತಿ ದುಡ್ಡು ಕೇಳ್ತಾನೆ ಕಣೇ. ಒಂದು ಮುನ್ನೂರು ರೂಪಾಯಿಗೆ ಸಿಗುತ್ತಂತೆ, ಇನ್ನೊಂದು ಎರಡೂವರೆ ಸಾವಿರವಂತೆ. ನಮ್ಮ ಮನೆಯವರು ಮೊಬೈಲ್ ಚಾರ್ಜರೇ ಸಾಕು ಅಂತಾರೆ. ನೀನು ಟೀಚರಲ್ವಾ, ಹೇಳು" ಎಂದಳು.

ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಅಜ್ಜಂಪುರದ ಮಕ್ಕಳಿಗೆ ಹೊಯ್ಸಳರನ್ನೂ ಕೃಷ್ಣರಾಜ ಒಡೆಯರನ್ನೂ ಪರಿಚಯಿಸುವುದು ನನ್ನ ಕಸುಬು. ಆದರೆ ಯಾವ ವಸ್ತುವಿಗೂ ಒಂದು ಚರಿತ್ರೆ ಇದ್ದೇ ಇರುತ್ತದೆ. ಚರಿತ್ರೆ ತಿಳಿದರೆ ವಸ್ತುವಿನ ಸ್ವಭಾವ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಪಕ್ಕಕ್ಕೆ ಕೂರಿಸಿಕೊಂಡು ನಾಲ್ಕು ಪುಸ್ತಕ ತಿರುವಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ಊರುಗಳಿಗೆ ವಿದ್ಯುತ್ತು ಮೊದಲು ಕಾಲಿಟ್ಟದ್ದು ದೀಪದ ರೂಪದಲ್ಲಲ್ಲ, ತಂತಿಯ ರೂಪದಲ್ಲಿ. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲು ದಾರಿ 1889ರಲ್ಲಿ ಮುಗಿದಾಗ ಕಡೂರು, ಬೀರೂರು, ಅಜ್ಜಂಪುರಗಳು ಅದರ ನಿಲ್ದಾಣಗಳಾದವು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟು ತರೀಕೆರೆಯೂ ರೈಲಿನ ಊರಾಯಿತು. ರೈಲು ಓಡಬೇಕಾದರೆ ನಿಲ್ದಾಣದಿಂದ ನಿಲ್ದಾಣಕ್ಕೆ ತಂತಿ ಸಂದೇಶ ಹೋಗಬೇಕು, ಅದಕ್ಕೆ ವಿದ್ಯುತ್ತು ಬೇಕು. ಆ ಕಾಲದ ತಂತಿಯ ಕೆಲಸಕ್ಕೆ ಬಹಳವಾಗಿ ಬಳಕೆಯಲ್ಲಿದ್ದದ್ದು ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಮಾಡಿದ ಕೋಶ. ಗಾಜಿನ ಜಾಡಿಯಲ್ಲಿ ನವಸಾಗರದ ನೀರು, ಅದರಲ್ಲಿ ಒಂದು ಸತುವಿನ ಕಡ್ಡಿ, ಒಂದು ಇದ್ದಲಿನ ಕಡ್ಡಿ. ನವಸಾಗರ ಎಂದರೆ ನಮಗೇನೂ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಯೊಳಗೆ ಎರಚಿ ಬಿಳಿ ಹೊಗೆ ಎಬ್ಬಿಸುತ್ತಿದ್ದನಲ್ಲ, ಅದೇ. ನಮ್ಮ ಟಾರ್ಚಿನ ಸೆಲ್ಲು ಈ ಜಾಡಿಯ ಮೊಮ್ಮಗು. ಇವೆರಡಕ್ಕೂ ಇದ್ದದ್ದು ಒಂದೇ ಹಣೆಬರಹ: ಮುಗಿದರೆ ಮುಗಿಯಿತು, ಮತ್ತೆ ತುಂಬಿಸುವಂತಿಲ್ಲ.

ತುಂಬಿಸಬಹುದಾದ ಬ್ಯಾಟರಿಯನ್ನು ಮೊದಲು ಮಾಡಿದವನು ಗ್ಯಾಸ್ಟನ್ ಪ್ಲಾಂಟೆ ಎಂಬ ಇನ್ನೊಬ್ಬ ಫ್ರೆಂಚಿನವನು, 1859ರಲ್ಲಿ. ಸೀಸದ ಹಾಳೆಗಳನ್ನು ಗಂಧಕಾಮ್ಲದ ನೀರಿನಲ್ಲಿ ಮುಳುಗಿಸಿ ಹೊರಗಿನಿಂದ ವಿದ್ಯುತ್ತು ಹರಿಸಿದ. ಒಳಗೆ ನಡೆದಿದ್ದ ರಾಸಾಯನಿಕ ಕ್ರಿಯೆ ಹಿಂದುಮುಂದಾಗಿ ಬ್ಯಾಟರಿ ಮತ್ತೆ ಜೀವ ತುಂಬಿಕೊಂಡಿತು. ಚಾರ್ಜು ಮಾಡುವುದೆಂದರೆ ಇಷ್ಟೆ. ಆದರೆ ಹೊರಗಿನಿಂದ ಕೊಡುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯಬೇಕು. ನಮ್ಮ ರಾಜ್ಯದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು, ಇವತ್ತು ನಮ್ಮ ಮನೆಗೆ ಬರುವುದು, ಎಲ್ಲವೂ ಕ್ಷಣಕ್ಕೆ ಹಲವು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ, ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ಕೊಡಬೇಕು. ಆ ಕೆಲಸ ಮಾಡುವ ಸಾಧನವೇ ಚಾರ್ಜರು.

ನಮ್ಮ ಹಳ್ಳಿಗಳಿಗೆ ಚಾರ್ಜು ಎಂಬ ಮಾತನ್ನು ತಂದದ್ದು ರೇಡಿಯೊ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ಬೆಂಗಳೂರಿನ ನಿಲಯ 1955ರಲ್ಲಿ, ನಮಗೆ ಹತ್ತಿರದ ಭದ್ರಾವತಿಯ ನಿಲಯ 1965ರಲ್ಲಿ ಶುರುವಾದವು. ವಿದ್ಯುತ್ತಿಲ್ಲದ ಹಳ್ಳಿಯಲ್ಲಿ ಅಂದಿನ ವಾಲ್ವ್ ರೇಡಿಯೊ ಹಾಡಬೇಕಾದರೆ, ಇಟ್ಟಿಗೆಯಂಥ 90 ವೋಲ್ಟಿನ ಒಣ ಬ್ಯಾಟರಿ ಬೇಕು, ಇಲ್ಲವೇ ಕಾರಿನ ಬ್ಯಾಟರಿಯಂಥ ಸೀಸದ ಬ್ಯಾಟರಿ ಬೇಕು. ಸೀಸದ ಬ್ಯಾಟರಿ ಖಾಲಿಯಾದಾಗ ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಕೂಸಿನಂತೆ ಕೂರಿಸಿ ಪೇಟೆಗೆ ಒಯ್ಯುತ್ತಿದ್ದರೆಂದು ನನ್ನ ಸೋದರಮಾವ ಹೇಳುತ್ತಿದ್ದರು. ಆಮ್ಲ ತುಳುಕಿದರೆ ಪಂಚೆಗೆ ತೂತು ಬೀಳುತ್ತಿತ್ತಂತೆ. ಬ್ಯಾಟರಿ ಪೇಟೆಯಿಂದ ಬರುವವರೆಗೆ ವಾರ್ತೆಯೂ ಇಲ್ಲ, ಹಾಡೂ ಇಲ್ಲ.

ನಾನೇ ಕಣ್ಣಾರೆ ಕಂಡದ್ದು ಅದರ ಮುಂದಿನ ಅಧ್ಯಾಯ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ 'ರಾಮಾಯಣ' ಶುರುವಾಯಿತು, ಅದು ಮುಗಿಯುತ್ತಲೇ 1988ರ ಅಕ್ಟೋಬರಿನಲ್ಲಿ 'ಮಹಾಭಾರತ' ಬಂತು. ಭಾನುವಾರ ಬೆಳಗ್ಗೆ ಕರೆಂಟು ಹೋದರೆ ರಾಮನ ಗತಿಯೇನು? ಅದಕ್ಕಾಗಿ ಊರಿನಲ್ಲಿ ಒಂದಿಬ್ಬರು ಕಪ್ಪುಬಿಳುಪಿನ ಸಣ್ಣ ಟಿ.ವಿ.ಗೆ 12 ವೋಲ್ಟಿನ ಬ್ಯಾಟರಿ ಜೋಡಿಸುತ್ತಿದ್ದರು. ಶುಕ್ರವಾರವೇ ಸೈಕಲ್ ಕ್ಯಾರಿಯರಿಗೆ ಬ್ಯಾಟರಿ ಕಟ್ಟಿಕೊಂಡು ಕಡೂರಿನ ಚಾರ್ಜಿಂಗ್ ಅಂಗಡಿಗೆ ಹೋದರೆ ಶನಿವಾರ ಸಂಜೆ ಸಿಗುತ್ತಿತ್ತು. ಬೇಗ ಕೊಡಿ ಎಂದರೆ ಅಂಗಡಿಯವರು ಒಪ್ಪುತ್ತಿರಲಿಲ್ಲ. 40 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತರಲ್ಲೊಂದು ಪಾಲು, ಅಂದರೆ 4 ಆಂಪಿಯರ್ ಮಾತ್ರ ಕೊಡಬೇಕು ಎಂಬುದು ಅವರ ಲೆಕ್ಕ. ಅವಸರಪಟ್ಟರೆ ಪ್ಲೇಟು ಹಾಳಾಗುತ್ತದೆ. ಗಾಜಿನ ಕೊಳವೆಯೊಂದರಿಂದ ಆಮ್ಲವನ್ನು ಹೀರಿ, ಒಳಗೆ ತೇಲುವ ಬುರುಡೆಯ ಗುರುತು ನೋಡಿ "ಗ್ರಾವಿಟಿ 1,260 ಬಂದಿದೆ, ಇನ್ನು ಸ್ವಲ್ಪ ಇರಲಿ" ಎನ್ನುತ್ತಿದ್ದರು. ಬ್ಯಾಟರಿ ತುಂಬುವ ಹೊತ್ತಿಗೆ ಜಲಜನಕದ ಗುಳ್ಳೆಗಳು ಏಳುತ್ತವೆ, ಕಿಡಿ ತಾಗಿದರೆ ಸಿಡಿಯುತ್ತದೆ. ಬೀಡಿ ಹಚ್ಚಿಕೊಂಡು ಯಾರೂ ಒಳಗೆ ಬರುವಂತಿರಲಿಲ್ಲ.

ಈ ಅಂಗಡಿಯವರನ್ನು ನೆನೆಸಿಕೊಂಡಾಗ ನನಗೆ ಒಂದು ವಿಷಯ ಹೊಳೆಯುತ್ತದೆ. ಸೀಸದ ಬ್ಯಾಟರಿ ನಮ್ಮನ್ನು ಕಾಪಾಡಿದ್ದು ತನ್ನ ಒಳ್ಳೆಯತನದಿಂದಲ್ಲ. ಅದರ ಪಕ್ಕದಲ್ಲಿ ಒಬ್ಬ ತಿಳಿದ ಮನುಷ್ಯ ಕಾವಲು ಕೂತಿದ್ದ. ಯಾವಾಗ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಮೂರು ಪ್ರಶ್ನೆಗೂ ಉತ್ತರ ಅವನ ಬಳಿಯಿತ್ತು. ಆಮೇಲೆ ಚಾರ್ಜು ಮಾಡುವ ಕೆಲಸ ಮನೆಯ ಗೋಡೆಯ ಪ್ಲಗ್ಗಿಗೆ ಬಂತು, ಆದರೆ ಆ ಮನುಷ್ಯ ಮಾತ್ರ ಜೊತೆಯಲ್ಲಿ ಬರಲಿಲ್ಲ. ಈಗ ಅವನ ಬದಲಿಗೆ ಇರುವುದು ಚಾರ್ಜರಿನೊಳಗಿನ ಬುದ್ಧಿ. ಆ ಬುದ್ಧಿ ಇರುವ ಚಾರ್ಜರು ಯಾವುದು, ಇಲ್ಲದ್ದು ಯಾವುದು ಎಂದು ಗುರುತಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ಇನ್ನು ಆಟದ ವಿಮಾನದ ಕಡೆಗೆ ಬರೋಣ. ದೂರದಿಂದ ರೇಡಿಯೊ ಅಲೆಯಲ್ಲಿ ನಡೆಸುವ ಮಾದರಿಯ ವಯಸ್ಸು ಆಕಾಶವಾಣಿಗಿಂತ ಹೆಚ್ಚು. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪುಟ್ಟ ದೋಣಿಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ಯಾವ ತಂತಿಯೂ ಇಲ್ಲದೆ ತಿರುಗಿಸಿ ತೋರಿಸಿದ. ಆ ದೋಣಿಯ ಹೊಟ್ಟೆಯಲ್ಲೂ ಬ್ಯಾಟರಿಗಳಿದ್ದವು. ಆದರೆ ಸೀಸ ಭಾರ, ವಿಮಾನಕ್ಕೆ ಆಗದು. ಮರುವರ್ಷ, 1899ರಲ್ಲಿ, ಸ್ವೀಡನ್ನಿನ ವಾಲ್ಡೆಮಾರ್ ಯೂಂಗ್ನರ್ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಸೇರಿಸಿ ಹೊಸ ಬ್ಯಾಟರಿ ಮಾಡಿದ. ಅದನ್ನು ಸೀಲು ಮಾಡುವ ವಿದ್ಯೆ ಬಂದ ಮೇಲೆ ಹವ್ಯಾಸಿಗಳ ಕಾರು, ದೋಣಿ, ವಿಮಾನಗಳಲ್ಲಿ ದಶಕಗಳ ಕಾಲ 'ನಿಕ್ಯಾಡ್' ಆಳಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಇಂಥ ಬಿಡಿಭಾಗಗಳನ್ನು ಹುಡುಕಿ ತರುವುದು ಹವ್ಯಾಸಿಗಳಿಗೆ ಒಂದು ಯಾತ್ರೆಯೇ ಆಗಿತ್ತು. ನಿಕ್ಯಾಡಿನದು ಕುಕ್ಕರಿನ ಸ್ವಭಾವ. ತುಂಬಿದಾಗ ಅದರ ವೋಲ್ಟೇಜು ಮೇಲೇರಿ ಒಂದು ಚೂರು ಕೆಳಗಿಳಿಯುತ್ತದೆ. ಅದೇ ಅದರ ಸೀಟಿ. ಆ ಇಳಿತವನ್ನು ಗುರುತಿಸಿ ನಿಲ್ಲಿಸುವ ಚಾರ್ಜರು ಬೇಕು. ಗುರುತಿಸಲಾರದ ಅಗ್ಗದ ಚಾರ್ಜರು ಉಣಿಸುತ್ತಲೇ ಹೋಗಿ ಬ್ಯಾಟರಿಯನ್ನು ಸುಡುತ್ತದೆ.

ಈಗ ಆಟದ ವಿಮಾನಗಳಲ್ಲಿ ಇರುವುದು ಲಿಥಿಯಂ. ಎಲ್ಲ ಲೋಹಗಳಿಗಿಂತ ಹಗುರ, ಆದರೆ ಸಿಡುಕಿನ ಸ್ವಭಾವ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಅಮೆರಿಕದಲ್ಲಿ ಇದರ ಮೇಲೆ ಕೆಲಸ ಮಾಡುವಾಗ ಪ್ರಯೋಗಾಲಯಕ್ಕೆ ಹಲವು ಸಲ ಅಗ್ನಿಶಾಮಕ ದಳದವರು ಬರಬೇಕಾಯಿತು. ಜಾನ್ ಗುಡೆನಫ್ 1980ರಲ್ಲಿ, ಅಕಿರಾ ಯೋಷಿನೊ 1985ರಲ್ಲಿ ಅದನ್ನು ಪಳಗಿಸಿದರು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಂದಾಗ ಗುಡೆನಫ್ ಅವರಿಗೆ 97 ವರ್ಷ. ಪಳಗಿದರೂ ಅದು ಹಳೆಯ ಗುಣ ಮರೆತಿಲ್ಲ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಬ್ಯಾಟರಿಗಳಲ್ಲಿ ಹೊಗೆ ಬೆಂಕಿ ಕಾಣಿಸಿಕೊಂಡಾಗ, ನಮ್ಮ ಏರ್ ಇಂಡಿಯಾದವೂ ಸೇರಿ ಜಗತ್ತಿನ ಆ ಮಾದರಿಯ ವಿಮಾನಗಳೆಲ್ಲ ಕೆಲವು ತಿಂಗಳು ನೆಲ ಬಿಟ್ಟು ಏಳಲಿಲ್ಲ. ಮಕ್ಕಳ ವಿಮಾನದಲ್ಲಿರುವುದು ಇದೇ ವಂಶದ 'ಲಿಪೊ'. ಹಗುರವಾಗಿರಲೆಂದು ಅದಕ್ಕೆ ಗಟ್ಟಿ ಡಬ್ಬಿಯನ್ನೂ ಹಾಕಿರುವುದಿಲ್ಲ, ಹಾಲಿನ ಪ್ಯಾಕೆಟ್ಟಿನಂಥ ತೆಳು ಹೊದಿಕೆ.

ಅದಕ್ಕೆ ಉಣಬಡಿಸುವ ರೀತಿಯೂ ಹಾಲು ಕಾಯಿಸುವ ರೀತಿಯೇ. ಮೊದಲು ಒಂದೇ ಸಮನೆ ಉರಿ, ಹಾಲು ಮೇಲೇಳುತ್ತಿದ್ದಂತೆ ಉರಿ ಸಣ್ಣಗೆ, ಆಮೇಲೆ ನಂದಿಸುವುದು. ಲಿಪೊದ ಒಂದು ಕೋಶದ ವೋಲ್ಟೇಜು 4.2ಕ್ಕೆ ಬರುವವರೆಗೆ ಒಂದೇ ಸಮನಾದ ಪ್ರವಾಹ. ಅಲ್ಲಿಂದ ಮುಂದೆ ವೋಲ್ಟೇಜನ್ನು ಅಲ್ಲೇ ಹಿಡಿದು ಪ್ರವಾಹವನ್ನು ಇಳಿಸುತ್ತಾ ಹೋಗಿ ನಿಲ್ಲಿಸಬೇಕು. 4.2 ದಾಟಿತೋ, ಹಾಲು ಉಕ್ಕಿದ ಹಾಗೆ. ಹಾಲಾದರೆ ಒಲೆ ಒರೆಸಿದರಾಯಿತು, ಇಲ್ಲಿ ಮನೆಗೇ ಬೆಂಕಿ.

"ಮೊಬೈಲ್ ಚಾರ್ಜರೇ ಸಾಕು" ಎಂಬ ನಮ್ಮ ಭಾವನವರ ಮಾತಿಗೂ ಇಲ್ಲೇ ಉತ್ತರವಿದೆ. ನಾವು ಗೋಡೆಗೆ ಸಿಕ್ಕಿಸುವುದನ್ನು ಚಾರ್ಜರು ಎನ್ನುತ್ತೇವೆ, ನಿಜವಾಗಿ ಅದು ಕರೆಂಟನ್ನು ಇಳಿಸಿಕೊಡುವ ಅಡಾಪ್ಟರು ಮಾತ್ರ. ಅಳೆದು ಬಡಿಸುವ, ಸಾಕೆನ್ನುವ ಚಾರ್ಜರು ಮೊಬೈಲಿನ ಒಳಗೇ ಅಡಗಿದೆ. ಆಟದ ವಿಮಾನದ ಬ್ಯಾಟರಿಯಲ್ಲಿ ಅಂಥದ್ದೇನೂ ಇಲ್ಲ. ಅದು ಬರೀ ಕೋಶಗಳ ಕಟ್ಟು. ಅದರ ಪೂರ್ತಿ ಹೊಣೆ ಹೊರಗಿನ ಚಾರ್ಜರಿನದು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೊದಲನೆಯದು, ಯಾವ ಬಗೆಯ ಬ್ಯಾಟರಿ ಎಂದು ಆರಿಸುವ ಸೌಲಭ್ಯ. ನಿಕ್ಯಾಡ್, ನಿಕ್ಕಲ್ ಹೈಡ್ರೈಡ್, ಲಿಪೊ ಒಂದೊಂದಕ್ಕೂ ಒಂದೊಂದು ಪಥ್ಯ. ಒಬ್ಬರ ಊಟವನ್ನು ಇನ್ನೊಬ್ಬರಿಗೆ ಬಡಿಸುವಂತಿಲ್ಲ.

ಎರಡನೆಯದು, ಸಮತೋಲದ ಸೌಲಭ್ಯ, ಅಂಗಡಿಯವರು 'ಬ್ಯಾಲೆನ್ಸ್' ಎನ್ನುವುದು. ಮೂರು ಕೋಶದ ಬ್ಯಾಟರಿಗೆ ದಪ್ಪ ತಂತಿಗಳಲ್ಲದೆ ಸಣ್ಣ ತಂತಿಗಳ ಒಂದು ಬಿಳಿ ಕೊಂಡಿಯೂ ಇರುತ್ತದೆ. ನಮ್ಮ ಶಾಲೆಯ ಬಿಸಿಯೂಟದ ಪಂಕ್ತಿ ನೆನೆಸಿಕೊಳ್ಳಿ. ಒಟ್ಟು ಎಷ್ಟು ಅನ್ನ ಖರ್ಚಾಯಿತೆಂದು ನೋಡಿದರೆ ಸಾಲದು, ಪ್ರತಿ ಮಗುವಿನ ತಟ್ಟೆ ನೋಡಬೇಕು. ಇಲ್ಲದಿದ್ದರೆ ಒಂದು ತಟ್ಟೆ ಉಕ್ಕುತ್ತದೆ, ಇನ್ನೊಂದು ಮಗು ಹಸಿದಿರುತ್ತದೆ. ಆ ಬಿಳಿ ಕೊಂಡಿಯ ಮೂಲಕ ಚಾರ್ಜರು ಒಂದೊಂದು ಕೋಶವನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ.

ಮೂರನೆಯದು, ವ್ಯಾಟಿನ ಲೆಕ್ಕ. ತಂಗಿಯ ಮಗನ ಬ್ಯಾಟರಿ ಮೂರು ಕೋಶದ್ದು, 2200 ಮಿಲಿ ಆಂಪಿಯರ್-ಗಂಟೆ. ತುಂಬಿದಾಗ 12.6 ವೋಲ್ಟು. ಇಂಥದ್ದನ್ನು 2.2 ಆಂಪಿಯರಿನಲ್ಲಿ ಚಾರ್ಜು ಮಾಡುವುದು ವಾಡಿಕೆ. ಎರಡನ್ನೂ ಗುಣಿಸಿದರೆ ಸುಮಾರು 28 ವ್ಯಾಟು. 50 ವ್ಯಾಟಿನ ಚಾರ್ಜರು ಧಾರಾಳ. ಅಂಗಡಿಯವನು ತೋರಿಸುವ 200 ವ್ಯಾಟಿನದಕ್ಕೆ ದುಡ್ಡು ಸುರಿಯಬೇಕಿಲ್ಲ. ದೊಡ್ಡ ಬ್ಯಾಟರಿ ಬಂದರೂ 50 ವ್ಯಾಟಿನದು ನಿಧಾನವಾಗಿ ತುಂಬಿಸುತ್ತದೆ, ಅಷ್ಟೇ ವ್ಯತ್ಯಾಸ.

ನಾಲ್ಕನೆಯದು, 'ಸ್ಟೋರೇಜ್' ಎಂಬ ಗುಂಡಿ. ಪರೀಕ್ಷೆಯ ತಿಂಗಳಲ್ಲಿ ವಿಮಾನ ಅಟ್ಟ ಸೇರುತ್ತದೆ. ಆಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಖಾಲಿಯೂ ಬಿಡಬಾರದು. ಕೋಶಕ್ಕೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಬೇಕು. ಆ ಗುಂಡಿ ಇದನ್ನು ತಾನೇ ಮಾಡುತ್ತದೆ.

ಐದನೆಯದು, ಊಟದ ಮೂಲ. ಕೆಲವು ಚಾರ್ಜರುಗಳು ಗೋಡೆಯ ಕರೆಂಟಿಗೆ ನೇರ ಕೂರುತ್ತವೆ, ಕೆಲವು 12 ವೋಲ್ಟಿನಿಂದ ಮಾತ್ರ ನಡೆಯುತ್ತವೆ, ಕೆಲವಕ್ಕೆ ಎರಡೂ ಆಗುತ್ತದೆ. ಎರಡೂ ಆಗುವುದು ನಮ್ಮ ಕಡೆಗೆ ಲೇಸು. ಊರಾಚೆಯ ಬಯಲಿನಲ್ಲಿ ವಿಮಾನ ಹಾರಿಸುವಾಗ ಪ್ಲಗ್ಗು ಎಲ್ಲಿ ಸಿಗಬೇಕು? ಕಾರಿನ ಬ್ಯಾಟರಿಯಿಂದಲೇ ಲಿಪೊಗೆ ಉಣಿಸಬಹುದು. ರಾಮಾಯಣ ತೋರಿಸಿದ ಸೀಸದ ಮುದುಕ ಈಗ ಲಿಥಿಯಂ ಮೊಮ್ಮಗನಿಗೆ ತುತ್ತು ಕೊಡುತ್ತಾನೆ!

ಒಂದು ಎಚ್ಚರಿಕೆ. ಐಮ್ಯಾಕ್ಸ್ ಬಿ6 ಎಂಬ ಹೆಸರಾದ ಚಾರ್ಜರಿದೆ, ಅದರ ನಕಲುಗಳೂ ಬೇಕಾದಷ್ಟಿವೆ. ನಕಲಿನಲ್ಲಿ ಪರದೆಯ ಮೇಲೆ 4.2 ಎಂದು ತೋರಿಸಿ, ಒಳಗೆ ಬೇರೆಯೇ ಇರಬಹುದು. ಹೊಸ ಚಾರ್ಜರನ್ನು ಮೊದಲ ಸಲ ಬಳಸುವಾಗ ಎಲೆಕ್ಟ್ರೀಷಿಯನ್ನರ ಬಳಿ ಇರುವ ಮಲ್ಟಿಮೀಟರಿನಿಂದ ಒಮ್ಮೆ ಅಳೆದು ನೋಡುವುದು ಕ್ಷೇಮ.

ಮುನ್ನೂರು ರೂಪಾಯಿಯ ಚಾರ್ಜರು ಏನು ಮಾಡುತ್ತದೆಂದು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ನಾಲ್ಕು ಮನೆ ಆಚೆಯ ಹುಡುಗ ಯಾವುದೋ ಅಂಗಡಿಯಿಂದ ತಂದ ಚಾರ್ಜರಿಗೆ ಬ್ಯಾಟರಿ ಸಿಕ್ಕಿಸಿ, ಹಾಸಿಗೆಯ ಮೇಲಿಟ್ಟು ಟ್ಯೂಷನ್ನಿಗೆ ಹೋಗಿದ್ದ. ಅದು ಪೂರಿಯ ಹಾಗೆ ಉಬ್ಬಿ, ಸಿಹಿಸಿಹಿ ವಾಸನೆ ಬರಲು ಶುರುವಾಯಿತು. ಅಡಿಗೆಮನೆಯಲ್ಲಿದ್ದ ಅವನ ತಾಯಿಗೆ ವಾಸನೆ ಗೊತ್ತಾಯಿತು. ಸ್ವಿಚ್ಚು ಆರಿಸಿ, ಇಕ್ಕಳದಲ್ಲಿ ಹಿಡಿದು ಅಂಗಳದ ಮರಳಿನ ಗುಡ್ಡೆಗೆ ಎಸೆದರು. ಎರಡು ನಿಮಿಷಕ್ಕೆ ಬುಸ್ಸೆಂದು ಉರಿಯಿತು. ಆಕೆ ದೇವಸ್ಥಾನಕ್ಕೋ ಸಂತೆಗೋ ಹೋಗಿದ್ದರೆ ಹತ್ತಿಯ ಹಾಸಿಗೆ, ಮೇಲೆ ತೊಲೆಯ ಮನೆ, ಒಳಕೋಣೆಯಲ್ಲಿ ಮಲಗಿದ್ದ ಅತ್ತೆ, ಇವರ ಗತಿಯೇನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ತಂಗಿಗೆ ಹೇಳಿದೆ: "ವಿಮಾನದ ದುಡ್ಡಿನಲ್ಲಿ ಕಡಿಮೆ ಮಾಡು, ಚಾರ್ಜರಿನಲ್ಲಿ ಬೇಡ. ವಿಮಾನ ಬಿದ್ದರೆ ಥರ್ಮಾಕೋಲು ಮುರಿಯುತ್ತೆ, ಅಂಟಿಸಿಕೊಳ್ತಾನೆ." ಜೊತೆಗೆ ನಾಲ್ಕು ಕಟ್ಟಳೆ ಬರೆಸಿದೆ. ಚಾರ್ಜು ಮಾಡುವುದು ಯಾರಾದರೂ ಎದುರಿಗೆ ಕೂತಾಗ ಮಾತ್ರ, ರಾತ್ರಿ ಮಲಗುವಾಗ ಬೇಡ. ಜಾಗ ಕಡಪಕಲ್ಲಿನ ಕಟ್ಟೆ ಅಥವಾ ಸಿಮೆಂಟು ನೆಲ, ಹಾಸಿಗೆ ಸೋಫಾ ಅಲ್ಲ. ಪಕ್ಕದಲ್ಲಿ ಒಂದು ಬಕೆಟ್ಟು ಒಣ ಮರಳು. ಉಬ್ಬಿದ ಬ್ಯಾಟರಿಗೆ ಮತ್ತೆ ಚಾರ್ಜು ಇಲ್ಲ, ಅದು ಹಾರಿದ್ದು ಸಾಕು. ಹಾಳಾದದ್ದನ್ನು ತಿಪ್ಪೆಗೋ ಕಸದ ಗಾಡಿಗೋ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಬಳಕೆದಾರರು ಹಳೆಯ ಬ್ಯಾಟರಿಯನ್ನು ಬೇರೆಯಾಗಿಟ್ಟು, ಅದನ್ನು ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ಕೊಡಬೇಕು.

ಇದೆಲ್ಲ ಹುಡುಗರ ಆಟದ ಮಾತೆಂದು ತಳ್ಳಿಹಾಕುವ ಕಾಲವೂ ದಾಟಿತು. ಕೇಂದ್ರ ಸರ್ಕಾರ 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಯನ್ನು ಪ್ರಕಟಿಸಿತು. ಹೊಲಕ್ಕೆ ಗೊಬ್ಬರ, ಔಷಧಿ ಸಿಂಪಡಿಸುವ ಆ ಯಂತ್ರದ ಜೊತೆಗೆ ಬ್ಯಾಟರಿಗಳ ಕಟ್ಟು, ಚಾರ್ಜರು ಎಲ್ಲವೂ ಸೇರಿವೆ. ತಂಗಿಯ ಮಗ ಕಡಪಕಲ್ಲಿನ ಮೇಲಿಟ್ಟು ತುಂಬಿಸುವ ಪುಟ್ಟ ಬ್ಯಾಟರಿಯ ದೊಡ್ಡಣ್ಣ ಅದು. ಅದನ್ನು ಚಾರ್ಜಿಗೆ ಇಡುವವಳು ಹೆಣ್ಣುಮಗಳು. ವೋಲ್ಟು ಎಷ್ಟು, ಕೋಶ ಎಷ್ಟು, ಯಾವಾಗ ನಿಲ್ಲಿಸಬೇಕು ಎಂದು ನೋಡಬೇಕಾದವಳೂ ಅವಳೇ.

ಒಂದೆಳೆ ಪಾಕ ಯಾವಾಗ, ಎರಡೆಳೆ ಯಾವಾಗ ಎಂದು ಬೆರಳಲ್ಲಿ ಹಿಡಿದು ಹೇಳಬಲ್ಲವರು ನಾವು. 4.2ರ ಲೆಕ್ಕ ಅದಕ್ಕಿಂತ ಕಷ್ಟದ್ದಲ್ಲ. ಮುಂದಿನ ಸಲ ಮಕ್ಕಳು ಅಂಥದ್ದೇನಾದರೂ ಬೇಕೆಂದು ಹಟ ಹಿಡಿದರೆ, ಅದರ ಬಣ್ಣವನ್ನೂ ವೇಗವನ್ನೂ ಅವರೇ ನೋಡಿಕೊಳ್ಳಲಿ. ಚಾರ್ಜರಿನ ಡಬ್ಬಿಯನ್ನು ತಿರುಗಿಸಿ ಓದುವ ಕೆಲಸ ಮಾತ್ರ ನೀವು ಇಟ್ಟುಕೊಳ್ಳಿ.